ಅಸದುಲ್ಲಾ ಕಂಡ ಕುದುರೆ

ಮೂವತ್ತು ವರ್ಷದಲ್ಲಿ ಅಸದುಲ್ಲಾ ಕಡೆದ ಮರದ ಕುದುರೆಗಳನ್ನು ಸಾಲಾಗಿ ನಿಲ್ಲಿಸಿದರೆ ಚನ್ನಪಟ್ಟಣದಿಂದ ಹೊರಟು ರಾಮನಗರ ಮುಟ್ಟಿ, ಅಲ್ಲಿಂದ ವಾಪಸ್ಸೂ ಬರುತ್ತವಂತೆ. ಇದು ಅವನದೇ ಅಂದಾಜು, ನಾನೇನೂ ಟೇಪು ಹಿಡಿದು ಅಳೆಯಲು ಹೋಗಿಲ್ಲ. ಆದರೆ ಬೊಂಬೆ ಕಡೆಯುವ ನೂರಾರು ಜನ ಇರುವ ನಮ್ಮೂರಲ್ಲಿ, ಕುದುರೆ ಅಂದರೆ ಅಸದುಲ್ಲಾನದೇ ಅನ್ನುವುದನ್ನು ಅವನನ್ನು ಕಂಡರಾಗದವರೂ ಒಪ್ಪುತ್ತಾರೆ. ಬೇರೆಯವರ ಕುದುರೆ ಸುಮ್ಮನೆ ನಿಂತಿರುತ್ತದೆ. ಇವನದು ಈಗ ತಾನೇ ಎಲ್ಲಿಂದಲೋ ಓಡಿ ಬಂದು ನಿಂತಿರುತ್ತದೆ.

ನಾನು ಮನೋಹರ್. ಬಸ್ ಸ್ಟ್ಯಾಂಡಿನ ಹಿಂದಿನ ಬೀದಿಯಲ್ಲಿ ಸ್ಟುಡಿಯೋ ಇಟ್ಟುಕೊಂಡು ಇಪ್ಪತ್ತಾರು ವರ್ಷವಾಯಿತು. ಮದುವೆ, ನಾಮಕರಣ, ಗೃಹಪ್ರವೇಶ, ಇವೇ ನನ್ನ ಬದುಕು. ನಮ್ಮ ಕಸುಬಿನಲ್ಲಿ ಬಣ್ಣವೇ ದೇವರು. ಧಾರೆ ಸೀರೆ ಇರುವುದಕ್ಕಿಂತ ಒಂದು ಕೈ ಹೆಚ್ಚು ಕೆಂಪಾಗಿ ಕಾಣಬೇಕು, ಬಾಳೆಕಂಬ ತೋಟದಲ್ಲಿ ಇದ್ದದ್ದಕ್ಕಿಂತ ಹಸಿರಾಗಿರಬೇಕು. ಕಡಿಮೆಯಾದರೆ ಬೀಗರು ಆಲ್ಬಮ್ಮನ್ನು ನನ್ನ ಮುಖಕ್ಕೆ ಎಸೆಯುತ್ತಾರೆ. ನನಗೂ ಮೂಗಿನ ತುದಿಯಲ್ಲೇ ಕೋಪ, ಹಾಗಾಗಿ ಎರಡು ಸಲ ವಾಪಸ್ ಎಸೆದದ್ದೂ ಉಂಟು.

ಅಸದುಲ್ಲಾ ಮತ್ತು ನಾನು ಒಂದೇ ಬೆಂಚಿನಲ್ಲಿ ಓದಿದವರು. ನಾಲ್ಕನೇ ಕ್ಲಾಸಿನಲ್ಲಿ ಗಿಣಿಗೆ ಕಂದು ಬಣ್ಣ ಬಳಿದು ಡ್ರಾಯಿಂಗ್ ಮೇಷ್ಟ್ರ ಕೈಲಿ ಅವನು ತಿಂದ ಏಟು ನನಗಿನ್ನೂ ಜ್ಞಾಪಕವಿದೆ. ಬೇಕಂತಲೇ ಕೀಟಲೆ ಮಾಡಿದ ಅಂತ ನಾನು ನಕ್ಕಿದ್ದೆ. ಅವನಿಗೆ ಕೆಂಪು ಯಾವುದು, ಹಸಿರು ಯಾವುದು ಅಂತ ಹುಟ್ಟಿನಿಂದಲೇ ತಿಳಿಯುವುದಿಲ್ಲ, ಎರಡೂ ಒಂದೇ ಥರ ಮಣ್ಣುಮಣ್ಣಾಗಿ ಕಾಣುತ್ತವೆ ಅನ್ನುವ ಸಂಗತಿ ನನಗೆ ಗೊತ್ತಾದದ್ದು ನಮ್ಮಿಬ್ಬರಿಗೂ ಐವತ್ತು ದಾಟಿದ ಮೇಲೆ, ಈ ವರ್ಷ. ಬಣ್ಣದ ಬೊಂಬೆಯ ಊರಲ್ಲಿ, ಬಣ್ಣ ಹಚ್ಚುವ ಕೆಲಸದಲ್ಲಿ, ಮೂವತ್ತು ವರ್ಷ ಅವನು ಇದನ್ನು ಮುಚ್ಚಿಟ್ಟುಕೊಂಡಿದ್ದ. ಮುಚ್ಚಿಟ್ಟವಳು ಅವನ ಹೆಂಡತಿ ಫಿರೋಜಾ ಅಂದರೆ ಇನ್ನೂ ಸರಿ.

ಬೊಂಬೆ ಕೆಲಸ ನೋಡದವರಿಗೆ ಒಂದೆರಡು ಮಾತು ಹೇಳಬೇಕು. ಆಲೆ ಮರದ ತುಂಡನ್ನು ಲೇತಿಗೆ ಸಿಕ್ಕಿಸಿ, ಅದು ಗಿರ್ರನೆ ತಿರುಗುವಾಗ ಉಳಿ ಹಿಡಿದು ಕಡೆಯುತ್ತಾರೆ. ಕುದುರೆಯಾದರೆ ಮೈ ಬೇರೆ, ಕತ್ತು ಬೇರೆ, ಕಾಲು ಬೇರೆ ಕಡೆದು ಆಮೇಲೆ ಕೂಡಿಸಬೇಕು. ಬಣ್ಣಕ್ಕೆ ಕುಂಚವಿಲ್ಲ. ಬಣ್ಣ ಬೆರೆಸಿದ ಅರಗಿನ ಕಡ್ಡಿಯನ್ನು ತಿರುಗುವ ಮರಕ್ಕೆ ಒತ್ತಿ ಹಿಡಿದರೆ ಬಿಸಿಗೆ ಕರಗಿ ತಾನೇ ಮೆತ್ತಿಕೊಳ್ಳುತ್ತದೆ, ಮೇಲೆ ಒಣಗಿದ ತಾಳೆಗರಿ ಹಿಡಿದು ಉಜ್ಜಿದರೆ ಮಿರಿಮಿರಿ ಮಿಂಚುತ್ತದೆ.

ಈ ಅರಗಿನ ಕಡ್ಡಿಗಳನ್ನು ಅಸದುಲ್ಲಾನಿಗೆ ಮಾಡಿಕೊಡುತ್ತಿದ್ದವಳು ಫಿರೋಜಾ. ಮನೆಯಲ್ಲೇ ಅರಗು ಕಾಯಿಸಿ, ಬಣ್ಣ ನಾದಿ, ಕಡ್ಡಿ ಎಳೆದು, ದಿನಾ ಬೆಳಿಗ್ಗೆ ಎಂಟಕ್ಕೆ ತಿಂಡಿ ಡಬ್ಬಿಯ ಜೊತೆ ಒಂದು ಮರದ ತಟ್ಟೆಯಲ್ಲಿ ಜೋಡಿಸಿ ಕಾರ್ಖಾನೆಗೆ ತರುತ್ತಿದ್ದಳು. ಎಡಕ್ಕೆ ಕೆಂಪು, ನಡುವೆ ಹಳದಿ, ಬಲಕ್ಕೆ ಹಸಿರು. ಆ ತಟ್ಟೆಯನ್ನು ಯಾರಾದರೂ ಮುಟ್ಟಿದರೆ ಅಸದುಲ್ಲಾ ಕೈ ಮೇಲೆ ಹೊಡೆಯುತ್ತಿದ್ದ. 'ಮಡಿವಂತ ಸಾಬಿ' ಅಂತ ಅವನಿಗೆ ಹೆಸರೇ ಬಿದ್ದಿತ್ತು. ಗಂಡ ಹೆಂಡತಿಗೆ ಈ ವಯಸ್ಸಿನಲ್ಲೂ ಎಷ್ಟು ಪ್ರೀತಿ ನೋಡು, ದಿನಾ ತಾನೇ ತಂದು ಕೊಡ್ತಾಳೆ ಅಂತ ಹೆಂಗಸರು ಆಡಿಕೊಳ್ಳುತ್ತಿದ್ದರು. ನನ್ನ ಹೆಂಡತಿಯಂತೂ ಅವಳನ್ನು ತೋರಿಸಿ ತೋರಿಸಿ ನನ್ನನ್ನು ಕುಟುಕಿದ್ದಾಳೆ.

ಈ ಜೂನ್ ಮೊದಲ ವಾರದಲ್ಲಿ ಕನಕಪುರಕ್ಕೆ ಕೊಟ್ಟ ಅವರ ಮಗಳು ಮಹೀನ್‌ಗೆ ಹೆರಿಗೆಯಾಯಿತು. ಗಂಡುಮಗು. ಆಪರೇಷನ್ ಆಗಿತ್ತು, ಹೊಲಿಗೆ ಬೇಗ ಮಾಯಲಿಲ್ಲ, ಜ್ವರ ಬೇರೆ. ನಲವತ್ತು ದಿನದ ಬಾಣಂತನಕ್ಕೆ ಫಿರೋಜಾ ಹೋಗಲೇಬೇಕಾಯಿತು. ಹೋಗುವ ಮುಂಚೆ ನಲವತ್ತು ದಿನಕ್ಕಾಗುವಷ್ಟು ಕಡ್ಡಿ ಎಳೆದು ಮೂರು ಡಬ್ಬಿಗಳಲ್ಲಿ ಅದೇ ಸಾಲಿನಲ್ಲಿ ಇಟ್ಟಳು, ತಟ್ಟೆಯನ್ನೂ ತುಂಬಿಸಿದಳು, ಡಬ್ಬಿ ಕದಲಿಸಬೇಡಿ ಅಂತ ಗಂಡನಿಗೆ ಮೂರು ಸಲ ಹೇಳಿದಳು.

ಕಾರ್ಖಾನೆಯಲ್ಲಿ ಆಗ ಕುದುರೆ ಮತ್ತು ಮರದ ಜೋಡಿ ಮಾಡುತ್ತಿದ್ದರು. ಕೆಂಪು ಕುದುರೆ, ಹಳದಿ ಜೀನು, ಪಕ್ಕದಲ್ಲಿ ನಿಲ್ಲಿಸಲು ಗುಂಡಗಿನ ಹಸಿರು ಮರ. ಕಸ ಗುಡಿಸುವ ಕೆಂಪಯ್ಯ ಒಂದು ಬೆಳಿಗ್ಗೆ ಅಸದುಲ್ಲಾ ಬರುವ ಮುಂಚೆ ತಟ್ಟೆಯನ್ನು ಎತ್ತಿ, ಕೆಳಗಿನ ಹೊಟ್ಟು ಬಳಿದು, ವಾಪಸ್ ಇಟ್ಟ. ಇಡುವಾಗ ತಟ್ಟೆ ಹಿಂದುಮುಂದಾಯಿತು, ಅಷ್ಟೇ. ಎಡದ್ದು ಬಲಕ್ಕೆ ಬಂತು, ಬಲದ್ದು ಎಡಕ್ಕೆ. ನಡುವಿನ ಹಳದಿ ಹಳದಿಯಾಗಿಯೇ ಇತ್ತು. ಹಳದಿ ಅಸದುಲ್ಲಾನಿಗೆ ಚೆನ್ನಾಗಿ ಕಾಣುತ್ತದೆ, ಅದು ಅದರ ಜಾಗದಲ್ಲಿರುವುದನ್ನು ನೋಡಿ ಎಲ್ಲ ಸರಿಯಾಗಿದೆ ಅಂತ ಲೇತ್ ಹಾಕಿದ. ಹಿಂದಿನ ಮೂಲೆಯಲ್ಲಿ ಒಬ್ಬನೇ ಕೂತು ಮೂರು ದಿನ ಕೆಲಸ ಮಾಡಿದ, ಮಾಡಿದ್ದನ್ನೆಲ್ಲಾ ಚೀಲಕ್ಕೆ ತುಂಬಿದ.

ಮೂರನೇ ದಿನ ಸಂಜೆ ಯಜಮಾನ ಶಿವಕುಮಾರ್ ಚೀಲ ಸುರಿದು ನೋಡುತ್ತಾನೆ, ಹಸಿರು ಕುದುರೆಗಳು! ಪಕ್ಕದಲ್ಲಿ ಬೆಂಕಿ ಬಿದ್ದಂತೆ ಕೆಂಪು ಮರಗಳು. ಮೊದಲು ಎಲ್ಲರೂ ತಮಾಷೆ ಅಂದುಕೊಂಡರು. ಉಜ್ಜುವ ಕೆಲಸದ ಬೈರಮ್ಮ ಸೆರಗು ಬಾಯಿಗಿಟ್ಟುಕೊಂಡು ನಕ್ಕಳು. ಶಿವಕುಮಾರ್ ಒಂದು ಕುದುರೆಯನ್ನು ಇವನ ಮುಖದ ಮುಂದೆ ಹಿಡಿದು, "ಏನಯ್ಯಾ ಇದು? ಯಾವ ಬಣ್ಣ ಹೇಳು" ಅಂದ. ಅಸದುಲ್ಲಾ ಧೈರ್ಯವಾಗಿ "ಕೆಂಪು" ಅಂದ. ಆಮೇಲೆ ಯಾರೂ ನಗಲಿಲ್ಲವಂತೆ. ಬಾಯಿ ಬಿಟ್ಟರೆ ಬಣ್ಣಗೇಡು ಅನ್ನುತ್ತಾರಲ್ಲ, ಅದು ಅಕ್ಷರಶಃ ನಡೆದುಹೋಯಿತು.

ಶಿವಕುಮಾರ್ ಕೆಟ್ಟವನಲ್ಲ. "ನೀನು ಕಡೆದು ಕೊಡು, ಅರಗು ಇನ್ನೊಬ್ರು ಹಾಕ್ತಾರೆ" ಅಂದನಂತೆ. ಇವನು ಉಳಿಯನ್ನು ಒರೆಸಿಟ್ಟು ಎದ್ದು ಬಂದ. ನೇರ ಬಂದದ್ದು ನನ್ನ ಸ್ಟುಡಿಯೋಗೆ. ಗಿರಾಕಿ ಕೂರುವ ಸ್ಟೂಲಿನ ಮೇಲೆ ಕೂತು ಎಲ್ಲವನ್ನೂ ಹೇಳಿದ. ನಾನು ಸಮಾಧಾನ ಮಾಡುವ ಬದಲು ಉರಿದುಬಿದ್ದೆ.

"ಲೇ, ಇಷ್ಟು ವರ್ಷ ನನ್ ತಾವ್ಲೂ ಹೇಳ್ಲಿಲ್ವಲ್ಲೋ! ನಾನೇನು ಸತ್ತೋಗಿದ್ನಾ?"

"ಹೇಳಿದ್ರೆ ಏನ್ಲಾ ಮಾಡ್ತಿದ್ದೆ? ಆಡ್ಕೊಂಡು ನಗ್ತಿದ್ದೆ," ಅಂದ. ಅದು ನಿಜವೇ. "ಕೆಲ್ಸ ಓದ್ರೆ ಓಗ್ಲಿ ಕಣ್ಲಾ ಮನೋರ. ಫಿರೋಜಾಗೆ ಮಾತ್ರ ಗೊತ್ತಾಗ್‌ಕೂಡ್ದು. ಗೊತ್ತಾದ್ರೆ ಮೊದಲ್ನೇ ಬಸ್ಸಿಗೆ ಬಂದ್ಬುಡ್ತಾಳೆ. ಅಲ್ಲಿ ಮಗಳು ಎದ್ದು ಕೂರೋಕೂ ಆಗ್ದೆ ಮಲಗವ್ಳೆ."

ಆಮೇಲೆ ಅವನು ಇನ್ನೊಂದು ವಿಷಯ ಹೇಳಿದ. ಅವಳು ಹೋದ ಮೇಲೆ ಒಬ್ಬನೇ ಕೂತು ಯೋಚಿಸಿದನಂತೆ. ಮದುವೆಯಾಗಿ ಇಪ್ಪತ್ತೆಂಟು ವರ್ಷದಲ್ಲಿ ಫಿರೋಜಾ ಒಂದು ರಾತ್ರಿಯೂ ಬೇರೆ ಊರಲ್ಲಿ ಉಳಿದವಳಲ್ಲ. ತಂಗಿಯ ಮದುವೆಗೆ ಹೋದವಳು ಊಟ ಮುಗಿಸಿ ಬಂದಳು. ಅವಳ ತಾಯಿ ಮಾಗಡಿಯಲ್ಲಿ ತೀರಿಕೊಂಡಾಗ ಮಣ್ಣು ಮುಗಿದ ಸಂಜೆಯೇ ಬಸ್ಸು ಹತ್ತಿದಳು. ತವರಿನವರು ಕಲ್ಲುಮನಸ್ಸಿನವಳು ಅಂತ ಬೈದರು, ಇವನೂ ಒಳಗೊಳಗೇ ಹಾಗೆ ಅಂದುಕೊಂಡಿದ್ದನಂತೆ. ಅವಳು ಓಡಿ ಬರುತ್ತಿದ್ದದ್ದು ಬೆಳಿಗ್ಗೆ ಎಂಟಕ್ಕೆ ತಟ್ಟೆ ಜೋಡಿಸಲು ಅನ್ನುವುದು ಅವನಿಗೆ ಹೊಳೆದದ್ದು ಈಗ.

"ಇಪ್ಪತ್ತೆಂಟು ವರ್ಷ ಕಟ್ಟಾಕಿದ್ದೀನಿ ಕಣ್ಲಾ ಅವಳ್ನ. ಒಂದ್ಸಲಾನಾದ್ರೂ ನಲವತ್ತು ದಿನ ಪೂರ್ತಿ ಮಗಳ ತಾವ ಇರ್ಲಿ."

ನಾನೂ ಸುಳ್ಳಿನಲ್ಲಿ ಪಾಲುದಾರನಾದೆ. ಬೈರಮ್ಮನಿಗೂ ಕೆಂಪಯ್ಯನಿಗೂ ಬಾಯಿ ಬಿಡಬೇಡಿ ಅಂತ ಹೇಳಿ ಬಂದೆ.

ಆಷಾಢ ಶುರುವಾಗಿತ್ತು. ಆಷಾಢದಲ್ಲಿ ಮದುವೆಯಿಲ್ಲ, ಮದುವೆಯಿಲ್ಲದಿದ್ದರೆ ನಾನು ನೊಣ ಹೊಡೆಯುವವನು. ಅಸದುಲ್ಲಾ ಬೆಳಿಗ್ಗೆ ಬಂದು ಸ್ಟೂಲಿನ ಮೇಲೆ ಕೂರುತ್ತಿದ್ದ. ಒಂದು ದಿನ ನಾನು ಕಂಪ್ಯೂಟರಿನಲ್ಲಿ ಮಾಗಡಿಯ ಯಾವುದೋ ಮನೆತನದ ಹಳೇ ಕಪ್ಪುಬಿಳುಪು ಫೋಟೋ ಸರಿ ಮಾಡುತ್ತಿದ್ದೆ. ಹುಣಸೆ ಮರದ ಕೆಳಗೆ ಮನೆಮಂದಿಯೆಲ್ಲಾ ಸಾಲಾಗಿ ಕೂತ ಫೋಟೋ. ಅವನು ಸ್ಟೂಲನ್ನು ಹತ್ತಿರಕ್ಕೆ ಎಳೆದುಕೊಂಡು ಬಹಳ ಹೊತ್ತು ನೋಡಿದ.

"ಇದ್ರಲ್ಲಿ ನಿಂಗೆ ಕಾಣದೆಲ್ಲಾ ನಂಗೂ ಕಾಣ್ತೈತೆ ಅಲ್ವಾ?" ಅಂದ.

"ಊಂ. ಇದ್ರಲ್ಲಿ ಕೆಂಪೂ ಇಲ್ಲ, ಹಸಿರೂ ಇಲ್ಲ. ಎಲ್ರಿಗೂ ಒಂದೇ," ಅಂದೆ.

ಅವನು ಬೆರಳನ್ನು ಪರದೆಯ ಹತ್ತಿರ ತಂದು, ಮುಟ್ಟದೆ, ಆ ಮರದ ಬುಡದ ತಿರುವನ್ನು ಮೇಲಿನಿಂದ ಕೆಳಗಿನವರೆಗೆ ಸವರಿದ. ಲೇತಿನ ಮುಂದೆ ಕೂತಾಗ ಕೈ ಹೋಗುವ ರೀತಿಯೇ ಅದು. ನನ್ನ ಹಳೇ ಕ್ಯಾಮರಾ ಬೀರುವಿನಲ್ಲಿ ಧೂಳು ತಿನ್ನುತ್ತಾ ಬಿದ್ದಿತ್ತು. ಅದನ್ನು ತೆಗೆದು, ತೆರೆಯಲ್ಲಿ ಕಪ್ಪುಬಿಳುಪೇ ಕಾಣುವ ಹಾಗೆ ಮಾಡಿ ಅವನ ಕೊರಳಿಗೆ ಹಾಕಿದೆ. ತಲೆ ತಿನ್ನುವುದನ್ನಾದರೂ ಬಿಡಲಿ ಅನ್ನುವುದು ನನ್ನ ಎಣಿಕೆಯಾಗಿತ್ತು, ದೊಡ್ಡ ಉಪಕಾರವೇನಲ್ಲ.

ಮೊದಲು ಕಣ್ವ ಕೆರೆಯ ಕಡೆ ಹೋಗಿ ಮರಗಳ ಫೋಟೋ ತೆಗೆದುಕೊಂಡು ಬಂದ. ದಿನವೆಲ್ಲಾ ಅಲೆದು ನಾಲ್ಕು ಫೋಟೋ! ನಾನಾದರೆ ಒಂದು ಆರತಕ್ಷತೆಯಲ್ಲಿ ಎರಡು ಸಾವಿರ ಹೊಡೆಯುವವನು. ಹೇಗೆ ತೆಗೆಯುತ್ತಾನೆ ನೋಡೋಣ ಅಂತ ಒಂದು ದಿನ ಜೊತೆಗೆ ಹೋದೆ. ಮರ ಸಿಕ್ಕರೆ ಕ್ಯಾಮರಾ ಎತ್ತುವುದೇ ಇಲ್ಲ. ಸುತ್ತು ಹಾಕುತ್ತಾನೆ. ಒಂದು ಸುತ್ತು, ಎರಡು, ಮೂರು, ದೇವಸ್ಥಾನದಲ್ಲಿ ಪ್ರದಕ್ಷಿಣೆ ಹಾಕಿದ ಹಾಗೆ. "ಕಡೆಯೋನು ನಡೂ ಎಲ್ಲೈತೆ ಅಂತ ಮೊದ್ಲು ನೋಡ್ತಾನೆ. ನಡೂ ಸಿಕ್ಕುದ್ರೆ ಮಿಕ್ಕಿದ್ದೆಲ್ಲಾ ತಾನೇ ಬತ್ತದೆ," ಅಂದ. ಆಮೇಲೆ ಒಂದು ಜಾಗದಲ್ಲಿ ನಿಂತು, ಉಸಿರು ಹಿಡಿದು, ಒಂದೇ ಒಂದು ಸಲ ಒತ್ತಿದ. ನಾನು ದಿನಾ ಹಾದುಹೋಗುವ ಅತ್ತಿಮರ ಅದು. ತೆರೆಯಲ್ಲಿ ಬಂದಾಗ ಇದ್ಯಾವ ಊರಿನ ಮರವೋ ಅಂತ ಅವನನ್ನೇ ಕೇಳಿದೆ.

ಕುದುರೆಗಳ ವಿಷಯ ಬಂದದ್ದು ಗಂಗಯ್ಯನಿಂದ. ಗಂಗಯ್ಯ ಮಾಗಡಿಯವನು, ಮದುವೆ ಮೆರವಣಿಗೆಗೆ ಕುದುರೆ ಕೊಡುವವನು. ನಾನು ಫೋಟೋ ತೆಗೆಯುವ ಮದುವೆಗಳಲ್ಲಿ ಅವನ ಕುದುರೆ ಇದ್ದೇ ಇರುತ್ತದೆ. ಆಷಾಢದಲ್ಲಿ ನನಗಿದ್ದ ಗತಿಯೇ ಅವುಗಳಿಗೂ. ಜರತಾರಿ ಬಟ್ಟೆ, ಗೆಜ್ಜೆ, ಹಣೆಯ ತುರಾಯಿ ಎಲ್ಲ ಬಿಚ್ಚಿಟ್ಟು, ಐದು ಕುದುರೆಗಳನ್ನೂ ಅವನು ಸಾವನದುರ್ಗದ ತಪ್ಪಲಿನ ಗೋಮಾಳದಲ್ಲಿ ಒಂದು ತಿಂಗಳು ಮೇಯಲು ಬಿಟ್ಟುಬಿಡುತ್ತಾನೆ. ಫೋನಿನಲ್ಲಿ ಈ ಮಾತು ಬಂದದ್ದೇ ತಡ, ಅಸದುಲ್ಲಾ ಸ್ಟೂಲಿನಿಂದ ಎದ್ದು ನಿಂತಿದ್ದ. ಕುದುರೆ ಕಂಡರೆ ಕಾಲುನೋವು ಅಂತ ಗಾದೆ. ಇವನಿಗೆ ಕುದುರೆಯ ಸುದ್ದಿ ಕೇಳಿದರೇ ಕಾಲು ಬಂತು.

ನನ್ನ ಬೈಕಿನಲ್ಲಿ ಬೆಳಗಾಗುವ ಮುಂಚೆಯೇ ಹೊರಟೆವು. ರಾಮನಗರ ದಾಟಿ ಮಾಗಡಿ ರಸ್ತೆ ಹಿಡಿದಾಗ ಸೋನೆ ಶುರುವಾಯಿತು. ತಪ್ಪಲು ಮುಟ್ಟಿದಾಗ ಮಳೆ ನಿಂತಿತ್ತು, ಬೆಟ್ಟದ ಅರ್ಧ ಮಾತ್ರ ಇತ್ತು, ಮಿಕ್ಕಿದ್ದನ್ನು ಮೋಡ ನುಂಗಿತ್ತು. ಗಂಗಯ್ಯ ಕಂಬಳಿ ಹೊದ್ದು ಕಾಯುತ್ತಿದ್ದ. "ಒಸಿ ದೂರ್ದಲ್ಲೇ ನಿಂತ್ಕಳಿ ಸಾ. ಈಗ ಅವು ನನ್ ಮಾತೂ ಕೇಳಾಕಿಲ್ಲ," ಅಂದ.

ಗೋಮಾಳದ ನಡುವೆ ಆಲದ ಜಾತಿಯ ಒಂದು ಹಳೇ ಗೋಣಿಮರ. ಅದರ ಕೆಳಗೆ ಅವು ನಿಂತಿದ್ದವು. ಮೊದಲ ಕ್ಷಣ ನನಗೆ ಗುರುತೇ ಸಿಗಲಿಲ್ಲ. ಬ್ಯಾಂಡ್‌ಸೆಟ್ಟಿನ ಮುಂದೆ, ಕಣ್ಣಿಗೆ ಚುಚ್ಚುವ ಲೈಟಿನಲ್ಲಿ, ಬೆದರಿದ ಮದುಮಗನನ್ನು ಹೊತ್ತು ತಲೆ ತಗ್ಗಿಸಿ ನಡೆಯುವ ಕುದುರೆಗಳನ್ನು ನಾನು ಸಾವಿರ ಸಲ ನೋಡಿದ್ದೇನೆ. ಬೆಳ್ಳಿ ಅನ್ನುವ ಬಿಳೀ ಹೆಣ್ಣುಕುದುರೆಯಂತೂ ನನ್ನ ಎಷ್ಟೋ ಆಲ್ಬಮ್ಮುಗಳಲ್ಲಿದೆ. ಆದರೆ ಇವು ಯಾರ ಕುದುರೆಗಳೂ ಅಲ್ಲ. ಹಗ್ಗವಿಲ್ಲ, ಗೆಜ್ಜೆಯಿಲ್ಲ. ಒದ್ದೆ ಮೈಯಿಂದ ಹಬೆ ಏಳುತ್ತಿತ್ತು. ಬೆಳ್ಳಿ ಇದ್ದಕ್ಕಿದ್ದಂತೆ ಮುಂಗಾಲು ಮಡಿಚಿ ಕೆಳಗೆ ಬಿದ್ದು, ನಾಲ್ಕು ಕಾಲನ್ನೂ ಆಕಾಶಕ್ಕೆತ್ತಿ, ಕೆಸರಿನಲ್ಲಿ ಹೊರಳಿತು. ಎದ್ದು ಮೈ ಕೊಡವಿದಾಗ ನೀರು ಸುತ್ತಲೂ ಸಿಡಿದು, ಗೋಣಿಮರದ ಮೇಲಿದ್ದ ಹಕ್ಕಿಗಳೆಲ್ಲಾ ಒಟ್ಟಿಗೆ ಎದ್ದವು. ಕ್ಯಾಮರಾ ನನ್ನ ಕೈಯಲ್ಲೂ ಇತ್ತು, ಎತ್ತಬೇಕೆನ್ನುವುದೇ ಮರೆತುಹೋಯಿತು.

ಅಸದುಲ್ಲಾ ಆಗಲೇ ಸುತ್ತು ಹೊರಟಿದ್ದ. ದೊಡ್ಡ ಸುತ್ತು, ಕುದುರೆ ಮತ್ತು ಮರ ಎರಡೂ ನಡುವೆ ಬರುವ ಹಾಗೆ. ಕೆಸರಿನಲ್ಲಿ ಚಪ್ಪಲಿ ಸಿಕ್ಕಿಕೊಂಡಾಗ ಅಲ್ಲೇ ಬಿಟ್ಟು ಬರಿಗಾಲಲ್ಲಿ ನಡೆದ. ಒಂದು ಜಾಗದಲ್ಲಿ ಮೊಣಕಾಲೂರಿ ಕೂತ. ಬೆಳ್ಳಿ ಕತ್ತು ತಿರುಗಿಸಿ ಅವನನ್ನೇ ನೋಡುತ್ತಾ ನಿಂತಿತು. ಎಷ್ಟು ಹೊತ್ತೋ ಗೊತ್ತಿಲ್ಲ, ಇಬ್ಬರೂ ಕದಲಲಿಲ್ಲ. ಆಮೇಲೆ ಕ್ಲಿಕ್ ಅಂತ ಒಂದು ಸದ್ದು.

ಅದೇ ಗಳಿಗೆಗೆ ಅವನ ಜೇಬಿನಲ್ಲಿ ಫೋನು ಹೊಡೆದುಕೊಂಡಿತು. ಫಿರೋಜಾ. ಅವರ ಮನೆಮಾತು ಉರ್ದು. ನನಗೆ ಅರ್ಥವಾಗುವಷ್ಟು ಬರುತ್ತದೆ, ಇಲ್ಲಿ ಕನ್ನಡದಲ್ಲೇ ಹೇಳುತ್ತೇನೆ. ತಿಂಡಿ ಆಯ್ತಾ, ತಟ್ಟೆ ಸರಿಯಾಗಿದೆಯಾ ಅಂತ ಕೇಳಿ, "ಲೇತಿನ ಸದ್ದೇ ಕೇಳ್ತಿಲ್ವಲ್ಲ?" ಅಂದಳು.

"ಕರೆಂಟ್ ಹೋಗಿದೆ," ಅಂದ ಅಸದುಲ್ಲಾ.

ಸುಳ್ಳು ಹೇಳಿದರೂ ಸತ್ಯದ ತಲೆಯ ಮೇಲೆ ಹೊಡೆದ ಹಾಗೆ ಹೇಳಬೇಕು ಅನ್ನುತ್ತಾರೆ. ಇವನು ಹೇಳಿ ಬಾಯಿ ಮುಚ್ಚುವಷ್ಟರಲ್ಲಿ ಹಿಂದಿನಿಂದ ಒಂದು ಕುದುರೆ ಗಟ್ಟಿಯಾಗಿ ಕೆನೆಯಿತು.

"ಅದೇನು, ಕುದುರೆ ಕೂಗಿದ ಹಾಗಾಯ್ತು?"

"ಕುದುರೆ ಮಾಡೋ ಕಾರ್ಖಾನೇಲಿ ಕುದುರೆ ಕೂಗದೆ ಕೋಳಿ ಕೂಗುತ್ತಾ?" ಅಂದುಬಿಟ್ಟ. ಅವಳು ನಕ್ಕು ಫೋನಿಟ್ಟಳು. ನಾನು ನಕ್ಕೂ ನಕ್ಕೂ ಒದ್ದೆ ಹುಲ್ಲಿನ ಮೇಲೆಯೇ ಕೂತೆ. ಅವನು ನಗಲಿಲ್ಲ. "ಇನ್ನೂ ಹದಿನಾರು ದಿನ ಐತೆ," ಅಂದ.

ಆ ಫೋಟೋವನ್ನು ಸಂಜೆ ಸ್ಟುಡಿಯೋದಲ್ಲಿ ದೊಡ್ಡದಾಗಿ ಪ್ರಿಂಟ್ ಹಾಕಿದೆ. ಅದರ ಬಗ್ಗೆ ಬರೆಯುವುದು ಕಷ್ಟ. ಗೋಣಿಮರದ ಬುಡದ ಬೇರು ಬಾಗಿದ ರೀತಿಯಲ್ಲೇ ಬೆಳ್ಳಿಯ ಬೆನ್ನು ಬಾಗಿದೆ, ಅದೇ ಬಾಗು ಹಿಂದೆ ಬೆಟ್ಟದ ಅಂಚಿನಲ್ಲೂ ಹೋಗುತ್ತದೆ. ಮೂರನ್ನೂ ಒಂದೇ ಕೈ ಕಡೆದ ಹಾಗಿದೆ. ಕುದುರೆಯ ಕತ್ತಿನ ಒದ್ದೆ ಕೂದಲು ಒಂದೊಂದಾಗಿ ಕಾಣುತ್ತದೆ, ತೊಗಟೆಯ ಬಿರುಕು ಒಂದೊಂದಾಗಿ ಕಾಣುತ್ತದೆ. ಕಪ್ಪು ಅಂದರೆ ಒಂದೇ ಅಂತ ತಿಳಿದಿದ್ದೆ ನಾನು. ಆ ಮರದ ನೆರಳೊಳಗೆ ಎಷ್ಟು ಕಪ್ಪುಗಳಿದ್ದವು ಅಂದರೆ, ನೋಡುತ್ತಾ ನೋಡುತ್ತಾ ನನಗೆ ಭಯವಾಯಿತು. ಹೊಟ್ಟೆಕಿಚ್ಚೂ ಆಯಿತು, ಸುಳ್ಳೇಕೆ ಹೇಳಲಿ. ವರ್ಷಗಟ್ಟಲೆ ಅದೇ ಬೆಳ್ಳಿಯ ಮುಂದೆ ನಿಂತು ಕ್ಯಾಮರಾ ಒತ್ತಿದ ನಾನು ಒಂದು ದಿನವೂ ಅದನ್ನು ನೋಡಿರಲಿಲ್ಲ.

ಅಲ್ಲಿಂದ ಮುಂದೆ ಅವನನ್ನು ಹಿಡಿಯುವವರಿಲ್ಲ. ನಾನು ಬರದಿದ್ದರೂ ಬಸ್ಸು ಹತ್ತಿ ಹೋದ. ಗಂಗಯ್ಯನ ಮನೆಯಲ್ಲಿ ಮುದ್ದೆ ಉಂಡ. ಕುದುರೆಗಳು ಅವನಿಗೆ ಎಷ್ಟು ಒಗ್ಗಿದವು ಅಂದರೆ, ಬೆಳ್ಳಿ ಬಂದು ಕ್ಯಾಮರಾದ ಪಟ್ಟಿಯನ್ನು ಅಗಿಯುತ್ತಿತ್ತಂತೆ. ಗೋಡೆಯ ಮೇಲಿದ್ದ ನನ್ನ ಮದುಮಕ್ಕಳನ್ನೆಲ್ಲಾ ಇಳಿಸಿ ಅವನ ಪ್ರಿಂಟುಗಳನ್ನು ಕ್ಲಿಪ್ಪು ಹಾಕಿ ತೂಗುಬಿಟ್ಟೆ. ಆಷಾಢದಲ್ಲಿ ಕೇಳುವವರು ಯಾರು.

ಬಾಣಂತನದ ಮೂವತ್ತಮೂರನೇ ದಿನ ಮಧ್ಯಾಹ್ನ ನಾನು ಊಟ ಮುಗಿಸಿ ತೂಕಡಿಸುತ್ತಿದ್ದೆ. ಗಾಜಿನ ಬಾಗಿಲು ತಳ್ಳಿಕೊಂಡು ಫಿರೋಜಾ ಒಳಗೆ ಬಂದಳು. ಕಂಕುಳಲ್ಲಿ ಬ್ಯಾಗು, ಬುರ್ಖಾದ ಅಂಚಿನ ತುಂಬಾ ಕೆಸರು. ಬೈರಮ್ಮನ ಹೊಟ್ಟೆಯಲ್ಲಿ ಮಾತು ನಿಂತಿರಲಿಲ್ಲ. ಫೋನು ಮಾಡಿ ಕ್ಷೇಮ ಕೇಳುವ ನೆಪದಲ್ಲಿ ಎಲ್ಲವನ್ನೂ ಒಪ್ಪಿಸಿದ್ದಳು.

"ಎಲ್ಲಿ ಅವ್ರು?"

"ಮಾಗಡಿ ಕಡೆ ಹೋಗವ್ನೆ. ನಾಲ್ಕಕ್ಕೆ ಬತ್ತಾನೆ. ಕೂತ್ಕಳಮ್ಮ, ನೀರು…"

"ನೀವೂ ಸೇರ್ಕೊಂಡ್ರಲ್ಲಾ ಮನೋರಣ್ಣ! ಕರೆಂಟ್ ಹೋಯ್ತು ಅಂತೆ, ಕುದುರೆ ಕೂಗ್ತು ಅಂತೆ. ನಾನು ಅಲ್ಲಿ ನಕ್ಕೊಂಡು ಕೂತಿದ್ದೆ. ಇಲ್ಲಿ ಅವ್ರ ಮಾನ ಬೀದೀಲಿ ಬಿದ್ದಿತ್ತು. ನಾನು ಹೋಗ್ಬಾರ್ದಾಗಿತ್ತು. ಯಾವತ್ತೂ ಹೋಗ್ದೋಳು ಒಂದ್ಸಲ ಹೋದೆ, ನೋಡಿ ಏನಾಯ್ತು. ಇನ್ನು ಎಲ್ಲೂ ಹೋಗಲ್ಲ."

ಅಸದುಲ್ಲಾ ಹೆದರಿದ್ದು ಈ ಮಾತಿಗೇ. ನನ್ನ ಕೋಪವೆಲ್ಲಾ ಇಂಥ ಹೊತ್ತಿನಲ್ಲಿ ಎಲ್ಲಿ ಹೋಗುತ್ತದೋ. ಗೋಡೆಯ ಕಡೆ ಕೈ ತೋರಿಸಿದೆ.

ಅವಳು ಸಿಟ್ಟಿನಲ್ಲೇ ತಿರುಗಿದಳು. ಹಾಗೇ ನಿಂತಳು. ಆಮೇಲೆ ಬ್ಯಾಗನ್ನು ಸ್ಟೂಲಿನ ಮೇಲಿಟ್ಟು, ಮೊದಲ ಪ್ರಿಂಟಿನ ಹತ್ತಿರ ಹೋದಳು. ಎರಡನೆಯದು, ಮೂರನೆಯದು. ಗೋಣಿಮರದ ಕೆಳಗೆ ಬೆಳ್ಳಿ ನಿಂತ ಫೋಟೋದ ಮುಂದೆ ಎಷ್ಟು ಹೊತ್ತು ನಿಂತಳೆಂದರೆ, ಹೊರಗೆ ಬಿಡದಿಗೆ ಹೋಗುವ ಒಂದು ಬಸ್ಸು ಬಂದು, ಕೂಗಿ ಕೂಗಿ ಜನ ತುಂಬಿಸಿಕೊಂಡು ಹೊರಟಿತು.

"ಇದೆಲ್ಲಾ ಅವ್ರು ತೆಗ್ದಿದ್ದಾ?"

"ಅವನೇ ಕಣಮ್ಮಾ. ನಾನು ಕ್ಯಾಮರಾ ಕೊಟ್ಟಿದ್ದು ಅಷ್ಟೇ."

"ಇಷ್ಟೆಲ್ಲಾ ಕಾಣ್ತಿತ್ತಾ ಅವ್ರಿಗೆ?" ಅಂದಳು. ಧ್ವನಿ ಸಣ್ಣದಾಗಿತ್ತು. "ಇಪ್ಪತ್ತೆಂಟು ವರ್ಷ ಟೊಮೇಟೊ ಹಣ್ಣಾಗಿದ್ಯಾ ಕಾಯಾ ಅಂತ ನಾನೇ ಹೇಳ್ತಿದ್ದೆ. ಪಾಪ, ಇವ್ರಿಗೆ ಲೋಕ ಅರ್ಧವೇ ಕಾಣೋದು ಅಂದ್ಕೊಂಡಿದ್ದೆ ಮನೋರಣ್ಣ. ನನ್ಗೆ ಇದ್ರಲ್ಲಿ ಅರ್ಧಾನೂ ಕಾಣ್ಲಿಲ್ಲ."

ಕಣ್ಣು ಒರೆಸಿಕೊಂಡು ಅವಳು ಕೂತಳು. ಆಗ ಇನ್ನೊಂದು ಮಾತು ಹೊರಬಂತು. ಕನಕಪುರದಲ್ಲಿ ಮಗುವಿನ ಡಾಕ್ಟರಮ್ಮನನ್ನು ಫಿರೋಜಾ ಗುಟ್ಟಾಗಿ ಕೇಳಿದ್ದಳಂತೆ. ತಾತನಿಗೆ ಈ ಬಣ್ಣ ತಿಳಿಯದ ತೊಂದರೆ ಇದ್ದರೆ ಮಗಳ ಮೂಲಕ ಮೊಮ್ಮಗನಿಗೆ ಬರಬಹುದು, ಬರದೆಯೂ ಇರಬಹುದು, ಈಗಲೇ ಹೇಳಲಾಗದು ಅಂದರಂತೆ ಡಾಕ್ಟರು. ಅದನ್ನು ಕೇಳಿದಾಗಿನಿಂದ ಮಹೀನ್ ಸರಿಯಾಗಿ ಊಟ ಮಾಡಿಲ್ಲ. ಗಂಡನ ಮನೆಯವರು ನಿಮ್ಮ ಕಡೆಯ ಐಬು ಅನ್ನುತ್ತಾರೆ ಅಂತ ಅಳುತ್ತಾಳೆ. ತಾಯಿ ಮಗಳು ಇಬ್ಬರೂ ಮಗುವನ್ನು ನಡುವೆ ಮಲಗಿಸಿಕೊಂಡು ಹತ್ತು ದಿನದಿಂದ ಕಣ್ಣೀರು ಹಾಕುತ್ತಿದ್ದರು. ಅವಳೂ ಫೋನಿನಲ್ಲಿ ಗಂಡನಿಗೆ ಇದನ್ನು ಹೇಳಿರಲಿಲ್ಲ. ಒಂದು ಮನೆಯಲ್ಲಿ ಇಬ್ಬರೂ ಒಬ್ಬರಿಗೊಬ್ಬರು ಸುಳ್ಳು ಹೇಳುತ್ತಿದ್ದರು, ನಾನು ಮಾತ್ರ ಬೈಸಿಕೊಂಡೆ.

ನಾಲ್ಕಕ್ಕೆ ಸರಿಯಾಗಿ ಅಸದುಲ್ಲಾ ಬಂದ. ಬಾಗಿಲಲ್ಲೇ ನಿಂತು ಅವಳನ್ನು ಕಂಡ. ಕ್ಯಾಮರಾವನ್ನು ಕದ್ದ ವಸ್ತುವಿನ ಹಾಗೆ ಬೆನ್ನ ಹಿಂದೆ ಹಿಡಿದ.

"ಫಿರೋಜಾ, ನೀನ್ಯಾಕೆ ಬಂದೆ… ಇನ್ನೂ ಏಳು ದಿನ…"

ಅವಳು ಬೈಯಲಿಲ್ಲ. ಎದ್ದು ಹೋಗಿ ಬೆಳ್ಳಿಯ ಪ್ರಿಂಟಿನ ಕ್ಲಿಪ್ಪು ತೆಗೆದಳು. ಒದ್ದೆಯಾಗದಂತೆ ಸುತ್ತಿಕೊಡಿ ಅಂತ ನನ್ನ ಕೈಗೆ ಕೊಟ್ಟಳು. ಆಮೇಲೆ ಗಂಡನ ಕಡೆ ತಿರುಗಿ ಮಗುವಿನ ವಿಷಯ ಹೇಳಿದಳು, ಡಾಕ್ಟರು ಅಂದದ್ದು, ಮಹೀನ್ ಅಳುವುದು, ಎಲ್ಲ. ಅಸದುಲ್ಲಾ ತನ್ನದೇ ತಪ್ಪು ಅನ್ನುವಂತೆ ತಲೆ ತಗ್ಗಿಸಿದ. ಅವಳು ಅವನ ಗಲ್ಲ ಹಿಡಿದು ಮುಖ ಮೇಲೆತ್ತಿದಳು. ನಾನು ಅಲ್ಲಿರುವುದೂ ಅವಳಿಗೆ ಮರೆತಿತ್ತು.

"ಇದನ್ನ ಮಹೀನ್‌ಗೆ ತೋರಿಸ್ತೀನಿ," ಅಂದಳು. "ನಿಮ್ಮ ಅಪ್ಪನಿಗೆ ಕಾಣೋದು ಇದು ಅಂತ ಹೇಳ್ತೀನಿ. ಇಷ್ಟು ಕಾಣೋದಾದ್ರೆ ಮಗೂಗೂ ಬರ್ಲಿ ಬಿಡಿ."

ಅಸದುಲ್ಲಾ ಅತ್ತ. ಐವತ್ತು ವರ್ಷದಲ್ಲಿ ಅವನು ಅತ್ತದ್ದನ್ನು ನಾನು ನೋಡಿದ್ದು ಅದೊಂದೇ ಸಲ, ಡ್ರಾಯಿಂಗ್ ಮೇಷ್ಟ್ರು ಹೊಡೆದಾಗಲೂ ಅತ್ತಿರಲಿಲ್ಲ. ನಾನು ಪ್ರಿಂಟ್ ಸುತ್ತುವ ನೆಪದಲ್ಲಿ ಒಳಗೆ ಹೋಗಿ, ಬೇಕಾದ್ದಕ್ಕಿಂತ ಎರಡರಷ್ಟು ಪೇಪರು ಸುತ್ತಿದೆ.

ಐದು ಗಂಟೆಗೆ ಕನಕಪುರದ ಬಸ್ಸಿತ್ತು. ಮನೆಗೆ ಹೋಗಿ ಒಂದು ಲೋಟ ಟೀ ಕುಡಿದು ಹೋಗು ಅಂತ ಅಸದುಲ್ಲಾ ಅಂಗಲಾಚಿದ. ಅವಳು ಕೇಳಲಿಲ್ಲ. ಅರಗಿನ ಡಬ್ಬಿಗಳ ಬಗ್ಗೆ ಒಂದು ಮಾತೂ ಕೇಳಲಿಲ್ಲ. ಕಿಟಕಿಯ ಪಕ್ಕದ ಸೀಟು ಹಿಡಿದು, ಸುತ್ತಿದ ಪ್ರಿಂಟನ್ನು ತೊಡೆಯ ಮೇಲೆ ಅಡ್ಡ ಇಟ್ಟುಕೊಂಡು, ಹೊರಗೆ ನಿಂತ ಗಂಡನಿಗೆ ಹೇಳಿದಳು:

"ಏಳು ದಿನ ಅಲ್ಲ, ಇನ್ನೂ ಹದಿನೈದು ದಿನ ಇದ್ದು ಬರ್ತೀನಿ. ನೀವು ಕುದುರೆ ನೋಡ್ಕೊಂಡಿರಿ."